ಕಲ್ಪತರು ನಾಡಿಗೆ ಬಂದ ಕೊರಿಯಾ ಮಾಸ್ಕು

ತುಮಕೂರು ಸೀಮೆಗೆ ಕಲ್ಪತರು ನಾಡು ಅಂತ ಹೆಸರು. ತೆಂಗು, ಕೊಬ್ಬರಿ, ಎಣ್ಣೆಗೆ ನಮ್ಮಲ್ಲಿ ಬರವಿಲ್ಲ. ಆದರೂ ಮಾಗಿ ಬಂತೆಂದರೆ ಹೆಂಗಸರ ಮುಖ, ಕೈಕಾಲು ಬಿರಿಯುವುದು ತಪ್ಪದು. ಒಣಗಾಳಿ ಒಂದು ಕಡೆ, ಹಂಡೆಯ ಸುಡುನೀರು ಇನ್ನೊಂದು ಕಡೆ, ಸಾಲದ್ದಕ್ಕೆ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಸೋಪು ಸರಿಯಾಗಿ ನೊರೆ ಬರದೆ ಚರ್ಮದ ಮೇಲೇ ಉಳಿದು ಇನ್ನಷ್ಟು ಒಣಗಿಸುತ್ತದೆ.

ಈ ಸಲ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಸೀರೆಗೆ ತುಮಕೂರು, ದೇವರ ಮುಂದೆ ಮೊದಲ ಲಗ್ನಪತ್ರಿಕೆ ಇಡಲು ಗುಬ್ಬಿ, ಛತ್ರ ನೋಡಲು ಕುಣಿಗಲ್ ಅಂತ ಎರಡು ದಿನ ಅವಳ ಜೊತೆ ಓಡಾಡಿದೆ. ಮದುವೆಗೆ ಇನ್ನು ಇಪ್ಪತ್ತೇ ದಿನ. ಹುಡುಗಿಯ ಕೆನ್ನೆ, ತುಟಿಯ ಸುತ್ತ ಹೊಟ್ಟೆದ್ದು ಬಿರಿದಿತ್ತು. "ಅರಿಶಿನ ಹಚ್ಚಿದರೆ ಉರಿ ತಡೆಯೋಕಾಗಲ್ಲ ಚಿಕ್ಕಮ್ಮ" ಅಂತ ಅವಳದು ಅಳುಮೋರೆ.

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಸೀರೆ ಕೊಂಡು ಈಚೆ ಬರುತ್ತಲೇ ಅವಳು ಒಂದು ಫ್ಯಾನ್ಸಿ ಅಂಗಡಿಗೆ ಎಳೆದುಕೊಂಡು ಹೋದಳು. ಬಳೆ, ಕುಂಕುಮದ ಪಕ್ಕದಲ್ಲೇ ಕೊರಿಯಾದ ಮಾಸ್ಕುಗಳು ತೂಗುತ್ತಿದ್ದವು. ಒಂದೊಂದಕ್ಕೆ ನೂರರ ಆಸುಪಾಸು. ಹತ್ತು ಬೇಕಂತೆ! ಒಳಗಿರುವುದು ಕಣ್ಣು, ಮೂಗು, ಬಾಯಿಗೆ ಜಾಗ ಬಿಟ್ಟು ಕತ್ತರಿಸಿದ ತೆಳು ಬಟ್ಟೆ. ಅದನ್ನು ಸುಮಾರು 20-25 ಮಿಲಿ ಲೀಟರ್ ದ್ರವದಲ್ಲಿ ನೆನೆಸಿಟ್ಟಿರುತ್ತಾರೆ. ದ್ರವದಲ್ಲಿ ಬಹುಪಾಲು ನೀರು, ಜೊತೆಗೆ ಗ್ಲಿಸರಿನ್, ಹಯಲುರಾನಿಕ್ ಆಸಿಡ್ ಮುಂತಾದವು. ಆಸಿಡ್ ಅಂತ ಹೆದರಬೇಡಿ, ಇದು ಸುಡುವಂಥದ್ದಲ್ಲ. ನಮ್ಮ ಚರ್ಮದಲ್ಲೇ ಇದ್ದು ನೀರು ಹಿಡಿದಿಡುವ ವಸ್ತು. ಹತ್ತು ಬೇಡ ಅಂತ ಹೇಳಿ ಎರಡು ಕೊಡಿಸಿದೆ.

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು, ದಾರಿಯುದ್ದಕ್ಕೂ ತೆಂಗಿನ ತೋಟ. ಚನ್ನಬಸವೇಶ್ವರ ಸ್ವಾಮಿಗೆ ಪತ್ರಿಕೆ ಇಟ್ಟು ನಮ್ಮ ಸೋದರತ್ತೆಯ ಮನೆಗೆ ಹೋದೆವು. ಈ ಸ್ವಾಮಿಯ ಹೆಸರಿನಲ್ಲೇ 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು, ಮುಂದೆ ವೀರಣ್ಣನವರಿಂದ ನಾಡೆಲ್ಲ ಹೆಸರಾದದ್ದು. ಮಾಸ್ಕು ನೋಡಿ ಅತ್ತೆ ನಕ್ಕರು. "ನಾಟಕದವರು ರಾತ್ರಿಯೆಲ್ಲ ಬಣ್ಣ ಹಚ್ಚಿ ಕುಣಿಯೋರು. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯೋರು. ನೀವು ಎಣ್ಣೆ ಬಿಟ್ಟು ಬರೀ ಸೋಪು ತಿಕ್ಕಿದರೆ ಮುಖ ಬಿರಿಯದೆ ಇನ್ನೇನಾದೀತು?" ಅಂದರು. ವಿಚಿತ್ರ ನೋಡಿ, ಕೊರಿಯಾದ ಹೆಂಗಸರೂ ಮೊದಲು ಎಣ್ಣೆಯಿಂದ ಬಣ್ಣ ತೆಗೆದು, ಆಮೇಲೇ ಮುಖ ತೊಳೆಯುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ಮನೆ ಅಲ್ಲ.

ಮಾರನೆಯ ದಿನ ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆವು. ಛತ್ರ ನೋಡಿ ಮದುಮಗಳ ಅಲಂಕಾರಕ್ಕೆ ಗೊತ್ತುಮಾಡಿದ್ದ ಪಾರ್ಲರಿನ ಹೆಂಗಸನ್ನು ಕಂಡೆವು. ಆಕೆ ಹೇಳಿದ ಮಾತು ನನಗೆ ನಾಟಿತು. "ಅಕ್ಕಾ, ನಮ್ಮೂರ ದೊಡ್ಡ ಕೆರೆ ನೋಡಿದಿರಲ್ಲ. ಏರಿ ಇಲ್ಲದಿದ್ದರೆ ಎಷ್ಟು ಮಳೆ ಬಂದರೂ ನೀರು ನಿಲ್ಲುತ್ತಾ? ಮಾಸ್ಕು ಮಳೆ ಇದ್ದ ಹಾಗೆ. ಮೇಲೆ ಕ್ರೀಮೋ ಎಣ್ಣೆಯೋ ಹಚ್ಚದಿದ್ದರೆ ಗಂಟೆಯೊಳಗೆ ಎಲ್ಲ ಆರಿ ಹೋಗುತ್ತೆ."

ಅಲ್ಲೇ ಕೂತಿದ್ದ ಇನ್ನೊಬ್ಬಾಕೆ, "ಮೆಡಿಕಲ್ ಸ್ಟೋರಿನಲ್ಲಿ ಒಂದು ಕ್ರೀಮು ಬರುತ್ತೆ, ವಾರದಲ್ಲಿ ಬೆಳ್ಳಗಾಗ್ತಾಳೆ" ಅಂದಳು. ನಾನು ಖಡಾಖಂಡಿತ ಬೇಡ ಅಂದೆ. ಇಂಥ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ಕಂಡರೂ ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗಿ, ಕೆಂಪೇರಿ, ಮೊಡವೆ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಮ್ಮ ಹುಡುಗಿಗೆ ಬೇಕಾದ್ದು ಬಿಳುಪಲ್ಲ, ಉರಿ ನಿಲ್ಲುವುದು.

ಅಂದಿನಿಂದ ಸುಡುನೀರು ಬಿಟ್ಟು ಉಗುರುಬೆಚ್ಚನೆಯ ನೀರು. ಮುಖಕ್ಕೆ ಸೋಪೂ ಇಲ್ಲ, ಕಡಲೆಹಿಟ್ಟೂ ಇಲ್ಲ. ಕಡಲೆಹಿಟ್ಟು ಇರುವ ಜಿಡ್ಡನ್ನೂ ತೆಗೆದುಬಿಡುತ್ತದೆ. ಬಿರಿದ ಚರ್ಮಕ್ಕೆ ನಿಂಬೆರಸ ಮುಟ್ಟಿಸಲೇಬಾರದು. ಮುಖ ಒದ್ದೆಯಿರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ. ವಾರಕ್ಕೊಂದು ಮಾಸ್ಕು. ಅರಿಶಿನದ ದಿನ ಅರಿಶಿನಕ್ಕೆ ಎಣ್ಣೆ ಕಲಸಿ ಹಚ್ಚಿದೆವು, ಹುಡುಗಿ ನಗುನಗುತ್ತಲೇ ಕೂತಿದ್ದಳು.

ಕೊಬ್ಬರಿ ಎಣ್ಣೆಯ ಗುಣ ಬರೀ ಅಜ್ಜಿ ಮಾತಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಒಣಚರ್ಮದ 34 ಜನರ ಕಾಲಿಗೆ ಎರಡು ವಾರ ಎಣ್ಣೆ ಹಚ್ಚಿಸಿ ನೋಡಿ 2004ರಲ್ಲಿ ವರದಿ ಮಾಡಿದ್ದಾರೆ. ಮಿನರಲ್ ಆಯಿಲ್‌ನಷ್ಟೇ ಇದೂ ಕೆಲಸ ಮಾಡಿತಂತೆ. ಆದರೆ ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸಾಕು.

ಮಾಸ್ಕು ಕೊಳ್ಳುವ ಸೋದರಿಯರು ಇಷ್ಟು ಗಮನಿಸಿ. ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಬೆಲೆ, ಅವಧಿ ಮುಗಿಯುವ ದಿನ ಇರಲಿ. ಕೊರಿಯಾ ಲಿಪಿಯ ಪಕ್ಕದ ತಾರೀಖು ಎಷ್ಟೋ ಸಲ ತಯಾರಾದ ದಿನವಾಗಿರುತ್ತದೆ. ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ. ಹಾಕಿಕೊಂಡ ಮೇಲೆ 15-20 ನಿಮಿಷಕ್ಕೆ ತೆಗೆದುಬಿಡಿ. ಆರುವವರೆಗೆ ಬಿಟ್ಟರೆ ಬಟ್ಟೆಯೇ ಮುಖದ ಪಸೆ ಹೀರುತ್ತದೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕಬಾರದು. ಪೊಟ್ಟಣದಲ್ಲಿ ಉಳಿದ ರಸವನ್ನು ಕತ್ತಿಗೆ, ಮೊಣಕೈಗೆ ಸವರಿಕೊಳ್ಳಿ. ಹುಣ್ಣು, ಕೀವು, ವಿಪರೀತ ತುರಿಕೆ ಇದ್ದರೆ ಮಾಸ್ಕು, ಎಣ್ಣೆ ಎರಡನ್ನೂ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.

ದುಡ್ಡು ಖರ್ಚು ಬೇಡ ಅನ್ನುವವರು 4 ಚಮಚ ರೋಸ್‌ವಾಟರಿಗೆ 1 ಚಮಚ ಗ್ಲಿಸರಿನ್ ಬೆರೆಸಿ, ಶುಭ್ರವಾದ ತೆಳು ಹತ್ತಿಬಟ್ಟೆ ಅದ್ದಿ ಹತ್ತು ನಿಮಿಷ ಮುಖದ ಮೇಲೆ ಹಾಕಿಕೊಳ್ಳಿ. ಆಮೇಲೆ ಏರಿ ಕಟ್ಟುವುದನ್ನು ಮಾತ್ರ ಮರೆಯಬೇಡಿ.