ಉಳವಿಯ ದಾರಿಯಲ್ಲಿ ಕೀಲೂ ತಿರುಪೂ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿರುವ ಉಳವಿಯು ದಟ್ಟಡವಿಯ ನಡುವಣ ಪುಣ್ಯಕ್ಷೇತ್ರವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವವು ನಡೆದ ತರುವಾಯ ಚನ್ನಬಸವಣ್ಣನವರು ಶರಣರೊಡನೆ ಇಲ್ಲಿಗೆ ಬಂದು ಲಿಂಗೈಕ್ಯರಾದರೆಂಬುದನ್ನು ವಾಚಕರು ಬಲ್ಲರು. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿಗಳು ಈಗಲೂ ಸಾಲುಗಟ್ಟಿ ಬರುತ್ತವೆ.

ಹುಲ್ಲು ಹಾಸಿದ ಚಕ್ಕಡಿಯಲ್ಲಿ ಮುದುಕರು, ಮಕ್ಕಳು, ಬುತ್ತಿಯ ಗಂಟುಗಳು. ಕೆಳಗೆ ಇಳಿಜಾರಿನ ಹಾದಿ. ಗಾಲಿಯು ಕಳಚದಂತೆ ತಡೆಯುವುದು ಅಚ್ಚಿನ ತುದಿಯ ಸಣ್ಣದೊಂದು ಕಡಾಣಿ. ಈ ಮಾತಿನ ಕೊನೆಯಲ್ಲಿರುವ ಆಣಿಶಬ್ದವು ಋಗ್ವೇದದಲ್ಲಿಯೇ ರಥದ ಕೀಲೆಂಬ ಅರ್ಥದಲ್ಲಿ ಬಂದಿದೆ. ಅಷ್ಟು ಜನರ ಪ್ರಾಣವನ್ನು ಕೀಲಿಗೊಪ್ಪಿಸುವ ಬದಲು ಮರದಚ್ಚಿನ ತುದಿಗೆ ತಿರುಪನ್ನೇ ಕೊರೆದು ಬಿಗಿಯಬಾರದಾಗಿತ್ತೆ? ಹದಿನೈದನೆಯ ಶತಮಾನದಲ್ಲಿ ಜರ್ಮನಿಯ ಗುಟೆನ್‌ಬರ್ಗನ ಕಾಲದ ಮುದ್ರಣಯಂತ್ರವು ಕಾಗದವನ್ನೊತ್ತುತ್ತಿದ್ದುದು ಮರದ ತಿರುಪಿನಿಂದಲೇ ಅಲ್ಲವೆ?

ಆದರೆ ಒತ್ತುವ ಕೆಲಸ ಬೇರೆ, ಉರುಳುವ ಕೆಲಸ ಬೇರೆ. ತಿರುಪಿನ ಸುತ್ತನ್ನು ಕೊರೆಯುವಾಗ ಮರದ ಎಳೆಗಳು ಅಡ್ಡಲಾಗಿ ಕಡಿದುಹೋಗುತ್ತವೆ. ಉಳಿಯುವ ಏಣುಗಳಲ್ಲಿ ಮೋಟು ಎಳೆಗಳಷ್ಟೆ; ಕಲ್ಲುದಾರಿಯ ಕುಲುಕಾಟಕ್ಕೆ ಅವು ಉದುರುವುವು. ಇದಲ್ಲದೆ ಒಂದು ಮಗ್ಗುಲಿನ ಗಾಲಿಯು ತಿರುಪನ್ನು ಬಿಗಿದರೆ ಮತ್ತೊಂದು ಮಗ್ಗುಲಿನದು ಸಡಿಲಿಸುವುದು. ನಮ್ಮ ಬಡಿಗರು ಕಡಾಣಿಯನ್ನು ಬಿಡದಿದ್ದುದು ಜಾಣತನವೇ ಸರಿ.

ಮರದ ಜಾತಿಯೂ ಇಲ್ಲಿ ಮುಖ್ಯವು. ಈ ಅಡವಿಯ ಅರಸನೆನಿಸಿದ ಸಾಗುವಾನಿಯು ಬಾಗಿಲು ತೊಲೆಗಳಿಗೆ ಶ್ರೇಷ್ಠವಾದರೂ ಸಣ್ಣ ತಿರುಪಿಗೆ ಒಗ್ಗದು. ಅದರ ಎಳೆ ಒರಟು, ಏಣು ಬೇಗ ಮುರಿಯುವುದು. ಒಳಗಿರುವ ಮರಳಿನಂತಹ ಅಂಶವು ಉಳಿಯ ಅಲಗನ್ನೂ ಮೊಂಡುಮಾಡುವುದು. ಹೆಸರಿಲ್ಲದ ಬಡವನಂತಿರುವ ಹೆದ್ದಿಯ ಮರವೇ ಇದಕ್ಕೆ ಲೇಸು. ಹಳದಿ ಬಣ್ಣದ, ನವುರಾದ ಸಮನೆಳೆಯ ಈ ಮರವನ್ನು ನೂಲಿನ ಗಿರಣಿಗಳ ಉರುಳೆಗಳಿಗೂ ಬಳಸುತ್ತಿದ್ದರು.

ಕುಂಕುಮದ ಭರಣಿಯಂತಹ ಚಿಕ್ಕ ವಸ್ತುವಿಗೆ ಮರದ ತಿರುಪು ಒಪ್ಪುವುದು. ಮೊದಲು ಚೆನ್ನಾಗಿ ಒಣಗಿದ ಮರವನ್ನಾರಿಸಿ, ಸುತ್ತುಗಳನ್ನು ದೂರದೂರವಾಗಿಯೂ ದಪ್ಪವಾಗಿಯೂ ಇರಿಸಬೇಕು. ಕೊರೆಯುವ ಮುನ್ನ ಎಣ್ಣೆ ಕುಡಿಸಿದರೆ ಏಣು ಸಿಡಿಯುವುದು ಕಡಿಮೆ. ಅಲಗು ಹರಿತವಾಗಿರಬೇಕೆಂದು ಬೇರೆ ಹೇಳಬೇಕಾದುದಿಲ್ಲ. ಆತುರಗಾರನಿಗೆ ಈ ಕೆಲಸ ಸಲ್ಲದು.

ಜಾತ್ರೆಯಿಂದ ಇಂತಹ ಭರಣಿಯನ್ನು ತಂದ ಗೃಹಿಣಿಯರು ಮಳೆಗಾಲದಲ್ಲಿ ಎಚ್ಚರದಿಂದಿರಬೇಕು. ತೇವವನ್ನು ಹೀರಿದ ಮರವು ಉದ್ದಕ್ಕೆ ಬೆಳೆಯದೆ ಅಡ್ಡಕ್ಕೆ ಉಬ್ಬುತ್ತದೆ. ದುಂಡಗಿದ್ದ ಬಾಯಿ ಕೋಳಿಮೊಟ್ಟೆಯಾಕಾರಕ್ಕೆ ತಿರುಗಿ ಮುಚ್ಚಳವು ಕಚ್ಚಿಕೊಳ್ಳುತ್ತದೆ. ಆಗ ಬಲಾತ್ಕಾರದಿಂದ ತಿರುಪಬಾರದು, ಬಿಸಿಲಿಗೂ ಇಡಬಾರದು. ಒಣಗಿದ ನೆರಳಿನಲ್ಲಿ ಎರಡು ಮೂರು ದಿನವಿಟ್ಟು, ಮುಚ್ಚಳವು ಸಡಿಲಿದ ಬಳಿಕ ಸುತ್ತುಗಳಿಗೆ ತುಸು ಜೇನುಮೇಣವನ್ನು ಸವರಿ ಮುಚ್ಚಬೇಕು.