ನೀರಿನಂಚಿನ ಊಟ



ಪ್ರವಾಸ ಹೋಗುವವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೀಳು. ಕೆಲವರು ಕೋಟೆಗಳನ್ನು ಅರಸಿ ಹೊರಡುತ್ತಾರೆ, ಕೆಲವರು ಪುರಾತನ ಇಗರ್ಜಿಗಳನ್ನೂ ದೇವಾಲಯಗಳನ್ನೂ ಸಂದರ್ಶಿಸುತ್ತಾರೆ, ಇನ್ನು ಕೆಲವರಿಗೆ ಸೀರೆಯಂಗಡಿಯೇ ಪುಣ್ಯಕ್ಷೇತ್ರ. ನಿವೃತ್ತಿಯ ನಂತರ ನಾನೂ ನನ್ನ ಪತ್ನಿಯೂ ರೂಢಿಸಿಕೊಂಡ ಹವ್ಯಾಸ ಇವೆಲ್ಲಕ್ಕಿಂತ ಸುಲಭದ್ದು: ನೀರು ಕಾಣುವ ಸ್ಥಳದಲ್ಲಿ ಕುಳಿತು ಊಟ ಮಾಡುವುದು. ಹೊಳೆಯ ದಂಡೆಯಾಗಲಿ, ಹಿನ್ನೀರಿನ ತಟವಾಗಲಿ, ಸಮುದ್ರ ತೀರವಾಗಲಿ, ಹೋದ ಊರಿನಲ್ಲಿ ಒಂದು ಹೊತ್ತಿನ ಊಟವಾದರೂ ನೀರಿನ ಬದಿಯಲ್ಲಿ ಆಗಬೇಕೆಂಬುದು ನಮ್ಮ ನಿಯಮ. ಇದನ್ನು ಮೊದಲು ಸೂಚಿಸಿದವಳು ನನ್ನ ಪತ್ನಿ. "ನಲವತ್ತು ವರ್ಷ ಅಡುಗೆಮನೆಯಲ್ಲಿ ಮೀನಿನ ಮುಖ ನೋಡಿದ್ದೇನೆ, ಅದರ ಮನೆ ನೋಡಲೇ ಇಲ್ಲ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಹವ್ಯಾಸ ನಿಮಗೂ ಹಿಡಿಸಬಹುದು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ನೀರಿಗೆ ಮುಖಮಾಡಿ ಕುಳಿತವರಿಗೆ ನೀರು ಒಂದು ನೋಟ. ಅದೇ ನೀರು ಎದುರಿಗಿರುವ ಇನ್ನೊಬ್ಬರಿಗೆ ಹೊಲ, ದಾರಿ, ದಿನಗೂಲಿ. ತಿಬೇರಿಯ ಸರೋವರದ ದಡದಲ್ಲಿ ಒಂದು ಮುಂಜಾನೆ ಕೆಂಡದ ಮೇಲೆ ಮೀನೂ ಜೊತೆಗೆ ರೊಟ್ಟಿಯೂ ಸಿದ್ಧವಾಗಿದ್ದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಅಲ್ಲಿ ಊಟಕ್ಕೆ ಕುಳಿತ ಏಳು ಮಂದಿಯೂ ರಾತ್ರಿಯಿಡೀ ಬಲೆ ಬೀಸಿ ದಣಿದವರು. ನಮ್ಮಂಥವರು ಬಸ್ಸಿನಿಂದಿಳಿದು ನೇರವಾಗಿ ಮೇಜಿನ ಮುಂದೆ ಕುಳಿತುಕೊಳ್ಳುತ್ತೇವೆ. ಹಾಗಿರುವಾಗ ಅತಿಥಿಗಳಂತೆ ನಡೆದುಕೊಳ್ಳುವುದಾದರೂ ನಮ್ಮಿಂದ ಸಾಧ್ಯವಾಗಬೇಡವೇ?

ಅತಿಥಿಯಾಗುವುದೆಂದರೇನೆಂದು ನಮಗೆ ತಿಳಿದದ್ದು ಅಘನಾಶಿನಿಯಲ್ಲಿ. ಉತ್ತರ ಕನ್ನಡದ ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಘಟ್ಟದಿಂದ ತಡೆಯಿಲ್ಲದೆ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಅಳಿವೆಯ ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ನದಿಯದೇ ಹೆಸರಿನ ಹಳ್ಳಿ. ಉಪ್ಪುನೀರೂ ಸಿಹಿನೀರೂ ಬೆರೆಯುವ ಇಲ್ಲಿನ ಗಜನಿಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಅಳಿವೆಯ ತಳದಲ್ಲಿ ಬಳಚು ಬೆಳೆಯುತ್ತದೆ. ತುಳುನಾಡಿನವರು ಮರುವಾಯಿ ಎನ್ನುವ ಚಿಪ್ಪುಜೀವಿಯೇ ಇಲ್ಲಿ ಬಳಚು. 2024ರಲ್ಲಿ ಈ ಅಳಿವೆಗೆ ರಾಮ್‌ಸರ್ ತಾಣದ ಮಾನ್ಯತೆ ದೊರೆಯಿತು.

ದಡದ ಸಣ್ಣ ಖಾನಾವಳಿಯೊಂದಕ್ಕೆ ಹನ್ನೊಂದು ಗಂಟೆಗೇ ಹೋಗಿ ಬಳಚಿನ ಸುಕ್ಕ ಬೇಕೆಂದು ಕೇಳಿದೆವು. ಅಲ್ಲಿನ ಹಿರಿಯ ಹೆಂಗಸು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, "ಇಳಿತ ಮುಗೀಲಿ ಅಮ್ಮ, ನಮ್ಮವರು ಇನ್ನೂ ನೀರಲ್ಲೇ ಇದ್ದಾರೆ" ಎಂದರು. ನೋಡಿದರೆ ಹೌದು, ಹೊಳೆಯ ನಡುವೆ ಸೊಂಟಮಟ್ಟದ ನೀರಿನಲ್ಲಿ ಹತ್ತಾರು ಮಂದಿ ನಿಂತಿದ್ದಾರೆ. ಕಾಲಿನಿಂದ ತಳದ ಕೆಸರನ್ನು ತಡವಿ, ಚಿಪ್ಪು ಸಿಕ್ಕಿದೊಡನೆ ಬಗ್ಗಿ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಿದ್ದಾರೆ. ಗಡಿಯಾರಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ. ಉಬ್ಬರ ಇಳಿತಗಳು ಪ್ರತಿದಿನ ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತವೆ. ಊಟದ ಹೊತ್ತೂ ಅದರೊಂದಿಗೆ ಸರಿಯುತ್ತದೆ. ನಾವು ಎರಡೂವರೆಯ ತನಕ ಕಾದೆವು. ನನ್ನ ಪತ್ನಿ ಸುಮ್ಮನೆ ಕೂರುವವಳಲ್ಲ. ದಡಕ್ಕಿಳಿದು ಚಿಪ್ಪು ತೊಳೆಯುವ ಹೆಂಗಸರೊಡನೆ ಮಾತಿಗೆ ತೊಡಗಿದಳು. ಬುಟ್ಟಿ ತುಂಬದ ದಿನಗಳು ಹೆಚ್ಚುತ್ತಿವೆ ಎಂಬುದು ಅವರ ಮಾತಿನಲ್ಲಿ ಮೂರು ಬಾರಿ ಬಂತಂತೆ. ಆಮೇಲೆ ತೆಂಗಿನಕಾಯಿ ಹಾಕಿದ ಸುಕ್ಕ, ಕುಚ್ಚಲಕ್ಕಿ ಅನ್ನ, ತೆಳ್ಳನೆಯ ಸಾರು ಬಂದವು. ರುಚಿಯನ್ನು ವರ್ಣಿಸಲು ಹೋಗುವುದಿಲ್ಲ. ಮಂಗಳೂರಿನವಳಾದ ನನ್ನಾಕೆ ಎರಡನೆಯ ಬಾರಿ ಬಡಿಸಿಕೊಂಡಳೆಂದರೆ ಸಾಕು.

ಚಿಪ್ಪು ಬರಿದಾಗುವ ಭಯ ಬರೀ ಭಯವಲ್ಲ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದಲ್ಲಿ ಅದು ನಿಜವೇ ಆಯಿತು. ಹೊರದೇಶಗಳಿಂದ ಬೇಡಿಕೆ ಬಂತು, ಜನ ಮುಗಿಬಿದ್ದು ಚಿಪ್ಪು ತೆಗೆದರು, 1990ರ ದಶಕದ ಆರಂಭದಲ್ಲಿ ಫಸಲು ಕುಸಿಯಿತು. ಆಗ ಮೀನುಗಾರರೂ ವಿಜ್ಞಾನಿಗಳೂ ಕೂಡಿ ಕಟ್ಟಳೆ ಮಾಡಿಕೊಂಡರು: ಸಂತಾನವೃದ್ಧಿಯ ಕಾಲವಾದ ಡಿಸೆಂಬರಿನಿಂದ ಫೆಬ್ರವರಿಯ ತನಕ ಚಿಪ್ಪು ತೆಗೆಯುವಂತಿಲ್ಲ, ಸಣ್ಣ ಕಣ್ಣಿನ ಬಲೆ ಬಳಸುವಂತಿಲ್ಲ. 2014ರಲ್ಲಿ ಸಾಗರ ಪಾಲನಾ ಮಂಡಳಿಯ ಸುಸ್ಥಿರತೆಯ ಪ್ರಮಾಣಪತ್ರವನ್ನು ಭಾರತದಲ್ಲಿ ಮೊತ್ತಮೊದಲು ಪಡೆದದ್ದು ಈ ಅಷ್ಟಮುಡಿಯ ಚಿಪ್ಪುಗಾರಿಕೆ. ನಾವು ಅಲ್ಲಿಗೆ ಹೋದದ್ದು ಜನವರಿಯಲ್ಲಿ. ಚಿಪ್ಪಿನ ಬದಲು ಕರಿಮೀನು ತಿಂದು ಬಂದೆವು. ಬೇಸರವಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು.

ನಮ್ಮ ಬೂತಾಯಿಯ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕೇರಳದ ಕಡಲಿನಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಬಡವರ ಮೀನು 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಕಡಲ ವಾತಾವರಣದ ಏರುಪೇರು ಒಂದು ಕಾರಣವಾದರೆ, ಮರಿಮೀನುಗಳ ಬೇಟೆ ಇನ್ನೊಂದು. ಮುಂದಿನ ವರ್ಷಗಳಲ್ಲಿ ಮೀನು ಚೇತರಿಸಿಕೊಂಡಿತು, ನಿಜ. ಆದರೆ ಆ ವರ್ಷಗಳಲ್ಲಿಯೂ ತೀರದ ಎಷ್ಟೋ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಗಾಜಿನ ಆಚೆ ಕಡಲಿದೆ, ತಟ್ಟೆಯಲ್ಲಿರುವ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಲಗಿ ಬೇರೊಂದು ರಾಜ್ಯದಿಂದ ಬಂದಿದೆ. ಅಂಥಲ್ಲಿ ನಾವು ಕೊಡುವ ಹಣ ನೋಟಕ್ಕೆ, ಊಟಕ್ಕಲ್ಲ. ಅದಕ್ಕಾಗಿ ಎಲ್ಲಿ ಕುಳಿತರೂ ಮೊದಲು ಕೇಳುವ ಪ್ರಶ್ನೆ, "ಇವತ್ತು ಇಲ್ಲಿ ಏನು ಸಿಕ್ಕಿದೆ?" ಎಂಬುದು. ಬಡಿಸುವ ಹುಡುಗ ತಬ್ಬಿಬ್ಬಾದರೆ ನಾವು ಚಹಾ ಕುಡಿದು ಏಳುತ್ತೇವೆ. ಒಳಗಿನಿಂದ ಯಾರಾದರೂ ಇಣುಕಿ, "ಅಂಜಲ್ ಇಲ್ಲ, ಕಾಣೆ ನಾಲ್ಕೇ ಇದೆ, ಬಂಗುಡೆ ಬೇಕಾದಷ್ಟಿದೆ" ಎಂದರೆ ಕುರ್ಚಿ ಎಳೆದು ಕೂರುತ್ತೇವೆ.

ಹವ್ಯಾಸಿಗಳ ಸಂಖ್ಯೆ ಬೆಳೆದ ಹಾಗೆ ಮೇಜುಗಳು ನೀರಿಗೆ ಹತ್ತಿರ ಹತ್ತಿರ ಸರಿಯುತ್ತವೆ. ಬಲೆ ಹರವುವ, ಮೀನು ಒಣಗಿಸುವ, ದೋಣಿ ಎಳೆದು ನಿಲ್ಲಿಸುವ ಜಾಗವೂ ಅದೇ ಅಲ್ಲವೇ? ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್ ಕಟ್ಟಡಮುಕ್ತವಾಗಿರಬೇಕೆಂಬ ನಿಯಮವನ್ನು, ಜನದಟ್ಟಣೆ ಹೆಚ್ಚಿರುವಲ್ಲಿ 50 ಮೀಟರಿಗೆ ಇಳಿಸಿದ್ದು 2019ರ ಅಧಿಸೂಚನೆ. ಮೀನು ಒಣಗಿಸುವ ವಾಸನೆಯಿಂದ ಗಿರಾಕಿಗಳಿಗೆ ತೊಂದರೆಯಾಗುತ್ತದೆಂದು ಮುದುಕಿಯೊಬ್ಬರನ್ನು ಚಾಪೆ ಸುತ್ತಿಕೊಂಡು ಆಚೆ ಹೋಗುವಂತೆ ಹೇಳಿದ್ದನ್ನು ಒಂದು ತೀರದಲ್ಲಿ ನಾವು ಕಣ್ಣಾರೆ ಕಂಡೆವು. ಆ ಗಿರಾಕಿಗಳೆಂದರೆ ನಾವೇ. ನನ್ನ ಪತ್ನಿ ಎದ್ದುಹೋಗಿ ಆಕೆಯ ಬಳಿ ಒಂದು ಕಿಲೋ ಒಣ ನಂಗು ಕೊಂಡು, ಆ ಪೊಟ್ಟಣವನ್ನು ತಂದು ನಮ್ಮ ಮೇಜಿನ ಮೇಲೆಯೇ ಇಟ್ಟಳು. ಮಾಣಿ ಏನೂ ಹೇಳಲಿಲ್ಲ.

ಗೋವೆಯ ಪದ್ಧತಿ ನನಗೆ ಕೊಂಚ ಮೆಚ್ಚುಗೆ. ಅಲ್ಲಿ ಮರಳಿನ ಮೇಲಿನ ಊಟದ ಗುಡಿಸಲುಗಳು ಮಳೆಗಾಲಕ್ಕೆ ಮೊದಲು ಕಳಚಬೇಕು. ಕಡಲು ತನ್ನ ಜಾಗವನ್ನು ಮರಳಿ ಪಡೆಯುತ್ತದೆ. ಮೋರ್ಜಿಮ್, ಗಾಲ್ಜಿಬಾಗ್ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ನೀರಿನ ಮೇಲಿನ ಬೆಳಕನ್ನು ಹಿಡಿದು ಕಡಲಿಗೆ ಸಾಗುವಂಥವು. ದಡದ ದೀಪ ಪ್ರಖರವಾದರೆ ಅವು ದಾರಿತಪ್ಪಿ ನೆಲದ ಕಡೆಗೆ ಹರಿಯುತ್ತವೆ. ಅಲ್ಲಿ ರಾತ್ರಿಯೂಟಕ್ಕೆ ಕುಳಿತಾಗ ದೀಪ ಮಂಕಾಗಿದೆಯೆಂದು ಗೊಣಗಬೇಡಿ.

ಕೊನೆಗೆ ಕಾಲದ ಮಾತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೂ ಅದೇ, ಅಲೆಗಳು ಮನೆಯಂಗಳಕ್ಕೆ ಬರುವ ಕಾಲವೂ ಅದೇ. ಆಗ ನಾಡದೋಣಿಯವರು ತಂದದ್ದು ಸಿಕ್ಕರೆ ಅದೃಷ್ಟ. ಹಲವರು ಈ ಎರಡು ತಿಂಗಳು ಹವ್ಯಾಸಕ್ಕೆ ರಜೆ ಕೊಡುತ್ತಾರೆ. ನಮಗಾದರೋ ಇದೇ ಪ್ರಿಯವಾದ ಕಾಲ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕೆ ಕೆಂಪಾಗಿ ಹರಿಯುತ್ತಿರುತ್ತದೆ, ರಸ್ತೆಯ ಇನ್ನೊಂದು ಬದಿಗೆ ಕಡಲು ಬೂದುಬಣ್ಣಕ್ಕೆ ತಿರುಗಿ ಮೊರೆಯುತ್ತಿರುತ್ತದೆ. ಮೇಜುಗಳೆಲ್ಲ ಖಾಲಿ. ಕಳೆದ ಜುಲೈಯಲ್ಲಿ ಆ ದಾರಿಯ ಒಂದು ಚಿಕ್ಕ ಹೋಟೆಲಿನಲ್ಲಿ ಮೀನಿದೆಯೇ ಎಂದು ಕೇಳಿದೆವು. ಮಾಲೀಕರು ನಕ್ಕು, "ಕಡಲಲ್ಲಿದೆ ಮಾಸ್ಟ್ರೇ, ಆಗಸ್ಟಿಗೆ ಬನ್ನಿ" ಎಂದರು. ಗಂಜಿ, ಹಲಸಿನ ಬೀಜದ ಪಲ್ಯ, ಒಣಸಿಗಡಿಯ ಚಟ್ನಿ ಬಡಿಸಿದರು. ಮಳೆ ನಿಲ್ಲುವ ಲಕ್ಷಣವಿರಲಿಲ್ಲ; ನಾವೂ ಅವಸರಪಡಲಿಲ್ಲ.