ಜೋಳದ ಚೀಲದಾಗ ನಿಂತ ಗುಂಡು

ಜಹೀರಾಬಾದ್ ಮಗ್ಗಲಿನ ನಮ್ಮೂರಾಗ, ನಮ್ಮ ಹಳೇ ಮನಿ ಬಾಗಿಲಿಗೆ ಕಿರುಬೆರಳು ತೂರುವಷ್ಟು ತೂತು ಅದ. 1948ರ ಮಳೆಗಾಲದಾಗ ಊರಿಗೆ ನುಗ್ಗಿದವರು ಪಿಸ್ತೂಲಿನಿಂದ ಹೊಡೆದದ್ದು ಅಂತ ಆಯಿ ಹೇಳತಿದ್ದಳು. ಬೇವಿನ ಹಲಗಿ, ಒಂದೂವರೆ ಇಂಚು ದಪ್ಪ. ಗುಂಡು ಅದನ್ನು ದಾಟಿ ಒಳಗಿದ್ದ ಜೋಳದ ಚೀಲದಾಗ ಹೊಕ್ಕು ನಿಂತಿತು. ಚೀಲದ ಮರಿಗೆ ಕುಂತಿದ್ದವರು ಆಯಿ ಮತ್ತು ಹತ್ತು ವರ್ಷದ ನಮ್ಮಪ್ಪ.

ಗುಂಡು ದಪ್ಪಿದ್ದಷ್ಟೂ ಆಳಕ್ಕ ಹೋಗತದ ಅಂತ ನಾವೆಲ್ಲ ತಿಳಕೊಂಡಿದ್ದೆವು. ಫೌಜಿನಾಗಿದ್ದ ನಮ್ಮ ಸಡ್ಡಕ ಆ ತೂತು ನೋಡಿ ನಕ್ಕ. ಆ ಕಾಲದ .455 ರಿವಾಲ್ವರ್ ಗುಂಡು 11 ಮಿಲಿಮೀಟರಿಗಿಂತ ದಪ್ಪ, ಆದರ ಸೆಕೆಂಡಿಗೆ 200 ಮೀಟರ್ ಆಸುಪಾಸು ಓಡತದ. 9 ಮಿಲಿಮೀಟರಿಂದು ಸಣ್ಣದು, ಆದರ 350 ಮೀಟರ್ ತನಕ ಓಡತದ, ಮ್ಯಾಲ ತಾಮ್ರದ ಹೊದಿಕಿ. ಹಲಗಿ ತೂರೋದರಾಗ ಸಣ್ಣದೇ ಮುಂದು. ಇನ್ನು ಫೌಜಿನ .303 ರೈಫಲ್ಲಿಂದು ಇವೆರಡಕ್ಕೂ ಸಣ್ಣದು, ಓಟ 700ಕ್ಕೂ ಮ್ಯಾಲ. "ಅಂಥದ್ದು ಬಿದ್ದಿದ್ದರ ಒಂದು ಚೀಲ ಸಾಲತಿರಲಿಲ್ಲ, ಮಾವ" ಅಂದ.

ಕಟ್ಟಿಗಿ ಗುಂಡು ತಡೀತದಂತ ಸಿನಿಮಾದಾಗ ತೋರಸ್ತಾರ, ಸುಳ್ಳು. ಕಾಳು, ಉಸುಕು, ಮಣ್ಣು ತಡೀತಾವ. ಒಂದೊಂದು ಕಾಳೂ ಸರಿದು ಅದರ ಜೋರು ತಿಂತದ. ನಮ್ಮ ಮಣ್ಣಿನ ಗ್ವಾಡಿ ಎರಡು ಮೊಳ ದಪ್ಪ. ಅಲ್ಲಿ ಬಿದ್ದ ಗುಂಡು ನಾಲ್ಕು ಬೆರಳೂ ಹೋಗಿಲ್ಲ. ಈಗಿನ ತಗಡಿನ ಬಾಗಿಲ ಮನಿಗೋಳು ಏನು ತಡೀತಾವೋ!

ಸೆಪ್ಟೆಂಬರ್ 13ಕ್ಕೆ ಸೋಲಾಪುರ ಕಡಿಯಿಂದ ಫೌಜು ಹೊಂಟಿತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಆಯಿ ಆ ಜೋಳ ಚೆಲ್ಲಲಿಲ್ಲ. ಜರಡಿ ಹಿಡಿದು, ಗುಂಡು ತೆಗೆದಿಟ್ಟು, ಪದ ಹಾಡಿಕೊಂತ ಬೀಸಿ, ರೊಟ್ಟಿ ಬಡಿದಳು.